ಡಾರ್ಸಿ ಟೀಟರ್ ಕೂರಿಸಿದ ಎರಡು ಮೀಟರು

ಡಾರ್ಸಿ ಟೀಟರನಿಗೆ ಸೋರುವುದೆಂದರೆ ಆಗದು. ಎಲ್ಲಾದರೂ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಅವನಿಗೆ ಊಟ ಸೇರದು. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಹೋಗುತ್ತಿದ್ದದ್ದು ಸಿಂಕಿನ ಕೆಳಗೆ. ಒಮ್ಮೆ ಚರ್ಚಿನ ನೆಲಮಾಳಿಗೆಯ ಕಾಫಿ ಡ್ರಮ್ಮಿನ ನಲ್ಲಿಯನ್ನು, ಮೇಲೆ ಪಾದ್ರಿ ಪ್ರಾರ್ಥನೆ ಮುಗಿಸುವುದರೊಳಗೆ ಬಿಚ್ಚಿ, ತೊಳೆದು, ಜೋಡಿಸಿ ಇಟ್ಟಿದ್ದ. ನದಿ ದಡದ ಕಾಗದದ ಕಾರ್ಖಾನೆಯಲ್ಲಿ ಹರೆಯದಿಂದ ಹಿಡಿದು ಅದು ಬಾಗಿಲು ಹಾಕುವವರೆಗೂ ಪೈಪ್ ಫಿಟ್ಟರ್ ಆಗಿದ್ದವನು. ತಾನು ಜೋಡಿಸಿದ ಒಂದು ಪೈಪೂ ಒಂದು ಹನಿ ಬಿಟ್ಟದ್ದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವುದರಲ್ಲಿ ಅವನದು ಸ್ವಲ್ಪ ಧಾರಾಳದ ಕೈಯೇ. ಆದರೆ ಆ ಮಾತು ಮಾತ್ರ ನಿಜವಾಗಿತ್ತು.

ಅದರ ಗುಟ್ಟೂ ದೊಡ್ಡದೇನಲ್ಲ. ಥ್ರೆಡ್, ಅಂದರೆ ತಿರುಪಿನ ಗೆರೆ, ಇರುವ ಯಾವುದನ್ನೇ ಆಗಲಿ, ಬಿಳಿ ಟೇಪು ಸುತ್ತದೆ ಅವನು ತಿರುಗಿಸುತ್ತಿರಲಿಲ್ಲ. ಬೇರೆ ಗಂಡಸರ ಅಂಗಿ ಜೇಬಿನಲ್ಲಿ ಸಿಗರೇಟು ಇರುವ ಜಾಗದಲ್ಲಿ ಇವನಿಗೆ ಟೇಪಿನ ಸುರುಳಿ. ಮದುವೆಯ ದಿನ ಕೋಟಿನ ಜೇಬಿನಲ್ಲೂ ಅದು ಇತ್ತೆಂದು ಅವನ ಹೆಂಡತಿ ನೀವಾ ಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು.

ನೀವಾ ಕೂಡ ಕೈಕಟ್ಟಿ ಕೂತವಳಲ್ಲ. ಬಕ್‌ಹಾರ್ನ್ ಬೆಟ್ಟದ ಈಚೆ ಇರುವ ಹಳ್ಳಿಗಳ ಮಕ್ಕಳನ್ನು ಆಚೆಯ ಪೇಟೆಯ ಹೈಸ್ಕೂಲಿಗೆ ಸಾಗಿಸುವ ಬಸ್ಸನ್ನು ಅವಳೇ ಓಡಿಸುತ್ತಿದ್ದಳು. ಒಂದು ತಲೆಮಾರಿಗೆ ಅಕ್ಷರ ಬಂದದ್ದೇ ಅವಳ ಬಸ್ಸಿನಿಂದ ಎಂದರೆ ವೆಸ್ಟ್ ವರ್ಜೀನಿಯಾದ ನಮ್ಮ ಈ ಮೂಲೆಯಲ್ಲಿ ಯಾರೂ ಇಲ್ಲವೆನ್ನರು. ಹಿಂದಿನ ಸೀಟಿನಲ್ಲಿ ಯಾವ ಹುಡುಗ ತಂಬಾಕು ಅಗಿಯುತ್ತಿದ್ದಾನೆ ಎಂದು ಕನ್ನಡಿ ನೋಡದೆ ಹೇಳುತ್ತಿದ್ದಳು. ಎಂಜಿನ್ನಿನ ಸದ್ದು ಒಂದು ಎಳೆ ಬದಲಾದರೂ ಅವಳ ಕಿವಿ ನೆಟ್ಟಗಾಗುತ್ತಿತ್ತು. ಬಸ್ಸು ರಿಪೇರಿಗೆ ಹೋದಾಗ ಮೆಕ್ಯಾನಿಕ್ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ, “ಏನು ಕೇಳಿಸ್ತು ನೀವಾ?” ಎಂದು ಇವಳನ್ನೇ ವಿಚಾರಿಸುತ್ತಿದ್ದ.

ಇಂಥವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ, ಸೋಮವಾರ, ಬುಧವಾರ, ಶುಕ್ರವಾರ, ಅದೇ ಬೆಟ್ಟ ಹತ್ತಿ ಇಳಿದು ಪೇಟೆಯ ಡಯಾಲಿಸಿಸ್ಸಿಗೆ ಹೋಗಬೇಕು. ಕಣ್ಣು ಮಂಜಾಗಿ ಅವಳು ಸ್ಟಿಯರಿಂಗ್ ಬಿಟ್ಟಳು. ಡಾರ್ಸಿ ಹಿಡಿದ. ತಾನು ಸಾವಿರಾರು ಸಲ ಓಡಿಸಿದ ರಸ್ತೆಯಲ್ಲಿ ಪಕ್ಕದ ಸೀಟಿನಲ್ಲಿ ಕೂರುವುದು ಅವಳಿಗೆ ಕಾಯಿಲೆಗಿಂತ ಹೆಚ್ಚಿನ ಹಿಂಸೆ. “ಈ ತಿರುವಲ್ಲಿ ಗೇರು ಇಳ್ಸು,” “ಇಷ್ಟು ಬ್ರೇಕು ಒತ್ತಬೇಡ, ಅದೇನು ಹಾವಾ?” ಎಂದು ದಾರಿಯುದ್ದಕ್ಕೂ ಪಾಠ. ಡಾರ್ಸಿ ಹೂಂಗುಟ್ಟುತ್ತಿದ್ದ. ಅವಳ ಬಾಯಿ ನಡೆಯುತ್ತಿರುವಷ್ಟು ದಿನ ಅವಳಿಗೇನೂ ಆಗುವುದಿಲ್ಲ ಎಂಬುದು ಅವನ ಲೆಕ್ಕ.

ಮೊದಲಿನ ಟ್ರಕ್ಕು ಸತ್ತದ್ದು ಇದೇ ಬೆಟ್ಟದ ಮೇಲೆ. ಡ್ಯಾಶ್‌ಬೋರ್ಡಿನ ಆಯಿಲ್ ಮೀಟರಿನ ಮುಳ್ಳು ನಟ್ಟನಡುವೆ ನಿಂತು ಎಲ್ಲ ಸೌಖ್ಯ ಎನ್ನುತ್ತಿದ್ದ ಹೊತ್ತಿನಲ್ಲೇ ಎಂಜಿನ್ನು ಲಟಲಟ ಎಂದು, ಒಂದು ಸಲ ಚೀರಿ, ಬಿಗಿದುಕೊಂಡಿತು. ಅವತ್ತು ನೀವಾಳಿಗೆ ಡಯಾಲಿಸಿಸ್ ತಪ್ಪಿ, ಮೈಯೆಲ್ಲ ನೀರು ತುಂಬಿ, ಎದೆಗೇರಿ, ವಾರವಿಡೀ ಆಸ್ಪತ್ರೆಯಲ್ಲಿ ಮಲಗಿದಳು. ಆಮೇಲೆ ಡಾರ್ಸಿಗೆ ತಿಳಿಯಿತು: ಅದು ಹೆಸರಿಗೆ ಮಾತ್ರ ಮೀಟರು. ಒಳಗಿರುವುದು ಬರೀ ಒಂದು ಸ್ವಿಚ್ಚು. ಆಯಿಲ್ ಒಂಚೂರು ಓಡುತ್ತಿದ್ದರೂ ಸಾಕು, ಮುಳ್ಳು ನಡುವೆ ಬಂದು ನಿಂತುಬಿಡುತ್ತದೆ. ಹಳೇ ಟ್ರಕ್ಕುಗಳಲ್ಲಿ ಬಹಳಷ್ಟಕ್ಕೆ ಹೀಗೇ. ಒತ್ತಡ ಕುಸಿಯುತ್ತಾ ಬಂದರೆ ಅದು ಹೇಳುವುದಿಲ್ಲ, ಪೂರಾ ಸತ್ತಾಗಲಷ್ಟೇ ಬೀಳುತ್ತದೆ.

“ಸುಳ್ಳ,” ಎಂದ ಡಾರ್ಸಿ, ಸತ್ತ ಟ್ರಕ್ಕಿನ ಮುಳ್ಳಿಗೆ. ಅದಕ್ಕಿಂತ ಕೆಟ್ಟ ಬೈಗುಳ ಅವನ ಬಾಯಲ್ಲಿ ಇರಲಿಲ್ಲ.

ಆದ್ದರಿಂದ ಇನ್ನೊಂದು ಹಳೇ ಪಿಕಪ್ ಟ್ರಕ್ಕು ಮನೆಗೆ ಬಂದಾಗ ಅವನು ಮಾಡಿದ ಮೊದಲ ಕೆಲಸ, ಎರಡು ನಿಜವಾದ ಮೀಟರು ತರಿಸಿದ್ದು. ಒಂದು ಆಯಿಲ್ ಪ್ರೆಶರಿನದು, ಒಂದು ಎಂಜಿನ್ ನೀರಿನ ಬಿಸಿ ತೋರಿಸುವುದು. ಕಂಪನಿಯ ಹಳೇ ಮೀಟರನ್ನು ಮುಟ್ಟಲಿಲ್ಲ, ಅದು ಅದರ ಪಾಡಿಗೆ ಇತ್ತು. ಎಂಜಿನ್ನಿನ ಪಕ್ಕದಲ್ಲಿ ಬೋಲ್ಟು ಹಾಕಿ ಮುಚ್ಚಿದ್ದ ಇನ್ನೆರಡು ತೂತು ಕಂಡವು. ಒತ್ತಡ, ಬಿಸಿ ಅಳೆದು ಮೀಟರಿಗೆ ತಿಳಿಸುವ ಹೊಸ ಸೆನ್ಸರುಗಳನ್ನು ಅಲ್ಲಿ ಕೂರಿಸಿ, ವೈರನ್ನು ಒಳಗೆಳೆದು, ರೇಡಿಯೋದ ಕೆಳಗೆ ಎರಡು ದುಂಡು ಮೀಟರು ನಿಲ್ಲಿಸುವುದು ಅವನ ಯೋಜನೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ನೀವಾ ಭೂತಗನ್ನಡಿ ಹಿಡಿದು, ಡಬ್ಬಿಯೊಳಗಿನ ಕಾಗದ ಓದಿ ಹೇಳುತ್ತಿದ್ದಳು. ಡಾರ್ಸಿ ಬಾನೆಟ್ಟಿನೊಳಗೆ ತಲೆ ತೂರಿಸಿದ್ದ.

“ಇಲ್ನೋಡು, ಥ್ರೆಡ್ಡಿಗೆ ಟೇಪು ಗೀಪು ಏನೂ ಸುತ್ತಬೇಡಿ ಅಂತಿದೆ. ಸೆನ್ಸರಿನ ಮೈ ನೇರವಾಗಿ ಎಂಜಿನ್ನಿನ ಕಬ್ಬಿಣಕ್ಕೆ ತಾಗ್ಬೇಕಂತೆ. ಇಲ್ದಿದ್ರೆ ಕರೆಂಟಿಗೆ ಅರ್ತ್ ಸಿಗಲ್ವಂತೆ, ಮೀಟರು ತಪ್ಪು ತೋರಿಸುತ್ತಂತೆ.”

“ಅದನ್ನ ಬರೆದೋನು ಯಾವತ್ತಾದ್ರೂ ನೆಲದ ಮೇಲಿನ ಆಯಿಲ್ ಒರೆಸಿದಾನಾ ಕೇಳು.”

“ಅವನನ್ನ ನಾನೆಲ್ಲಿ ಹುಡುಕ್ಲಿ? ನಿಂಗೆ ಹೇಳ್ತಿದೀನಿ.”

“ನೀವಾ, ಬರೀ ಥ್ರೆಡ್ಡು ತಿರುಗಿಸೋದೂ ಒಂದೇ, ಬರಿಮೈಲಿ ಚರ್ಚಿಗೆ ಹೋಗೋದೂ ಒಂದೇ. ನನ್ ಕೈಲಾಗಲ್ಲ ಕಣೇ.”

“ನಿನ್ನ ಬರಿಮೈ ನೋಡೋರು ಯಾರು ಮಾರಾಯ? ಅಲ್ಲಿಗೂ ಟೇಪು ಸುತ್ಕೊಂಡೇ ಹೋಗು!” ಎಂದು ಅವಳು ಕೆಮ್ಮು ಬರುವವರೆಗೆ ನಕ್ಕಳು.

ಅವನೂ ನಕ್ಕ, ನಗುತ್ತಲೇ ಎರಡು ಸೆನ್ಸರಿಗೂ ಮೂರು ಮೂರು ಸುತ್ತು ಬಿಳಿ ಟೇಪು ಸುತ್ತಿ, ಬಿಗಿದ. ಒಂದು ಹನಿ ಸೋರಲಿಲ್ಲ. ಟೇಪು ಸುತ್ತಿದರೂ ಬಿಗಿದಾಗ ಅಲ್ಲಲ್ಲಿ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಹಾಗಾಗಿ ಮೀಟರು ಕೆಲಸ ಮಾಡಿತು. ಕೀ ತಿರುಗಿಸಿದಾಗ ಮುಳ್ಳು ಎದ್ದು, ಎಂಜಿನ್ ಬಿಸಿಯಾದಂತೆ ತುಸು ಇಳಿದು, ಆಕ್ಸಿಲರೇಟರ್ ಒತ್ತಿದಾಗ ಮತ್ತೆ ಏರಿತು.

“ನೋಡು, ಉಸಿರಾಡ್ತಿದೆ,” ಎಂದ ಡಾರ್ಸಿ. ಆ ಸಂಜೆ ಸುಮ್ಮನೆ ಇಬ್ಬರೂ ಪೆಟ್ರೋಲ್ ಬಂಕಿನವರೆಗೆ ಹೋಗಿ, ಅಲ್ಲಿ ಖಾರದ ಮಾಂಸ ತುಂಬಿದ ಬ್ರೆಡ್ಡು, ಪೆಪೆರೋನಿ ರೋಲ್ ತಿಂದು ಬಂದರು. ಅವಳು ತಿನ್ನಬಾರದಿತ್ತು, ಉಪ್ಪು ಜಾಸ್ತಿ. ಅರ್ಧ ತಿಂದು ಉಳಿದದ್ದನ್ನು ಅವನಿಗೆ ಕೊಟ್ಟಳು.

ಬಿಸಿಯ ಮೀಟರು ಮಾತ್ರ ಮೊದಲ ದಿನದಿಂದಲೂ ಕಡಿಮೆಯೇ ತೋರಿಸುತ್ತಿತ್ತು. ನೀವಾ ಅದನ್ನೂ ಹೇಳಿದಳು.

“ಹೀಟರು ನನ್ ಕಾಲು ಸುಡ್ತಿದೆ, ಇಲ್ಲಿ ನೋಡಿದ್ರೆ ನೀರು ತಣ್ಣಗಿದೆ ಅಂತಿದೆ.”

“ಒಳ್ಳೇ ಎಂಜಿನ್ನು ಕಣೇ. ನಿನ್ನ ಹಾಗೆ ತಲೆ ಬಿಸಿ ಮಾಡ್ಕೊಳ್ಳಲ್ಲ.”

ಒಳ್ಳೇ ಸುದ್ದಿ ಹೇಳುವ ಮೀಟರನ್ನು ಯಾರು ತಾನೇ ಬಿಚ್ಚಿ ನೋಡುತ್ತಾರೆ? ಡಾರ್ಸಿಯೂ ನೋಡಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲೇ. ಅಲ್ಲೊಮ್ಮೆ ಅವನು ಸ್ಪ್ಯಾನರ್ ಹಿಡಿದಿದ್ದರೆ ಸಾಕಿತ್ತು.

ನವೆಂಬರ್ ಬಂತು. ಶುಕ್ರವಾರ ಮಂಜು ಬಿದ್ದು ಬೆಟ್ಟದ ರಸ್ತೆ ಮುಚ್ಚಿದರು. ಡಯಾಲಿಸಿಸ್ ತಪ್ಪಿತು. ಶನಿವಾರ, ಭಾನುವಾರ ನೀವಾ ನೀರನ್ನು ಗುಟುಕಿನ ಲೆಕ್ಕದಲ್ಲಿ ಕುಡಿದಳು, ಆದರೂ ಕಾಲು ಊದಿದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಸೋಮವಾರ ಬೆಳಿಗ್ಗೆ ರಸ್ತೆ ತೆರೆದಿತ್ತು. ಅವರು ಬೆಳಕು ಹರಿಯುತ್ತಲೇ ಹೊರಟರು.

ಆ ಸೋಮವಾರ ಗಂಡು ಜಿಂಕೆ ಬೇಟೆಯ ಮೊದಲ ದಿನ. ಆ ದಿನ ನಮ್ಮಲ್ಲಿ ಶಾಲೆ ಇಲ್ಲ, ಸಾಮಿಲ್ಲು ಇಲ್ಲ, ಮರದ ಲಾರಿಗಳಿಲ್ಲ. ಗಂಡಸರೆಲ್ಲ, ಹೆಂಗಸರಲ್ಲಿ ಅರ್ಧ ಜನ, ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಸುಕಿನಲ್ಲೇ ಕಾಡು ಸೇರಿರುತ್ತಾರೆ. ಸುತ್ತ ಜನವೋ ಜನ, ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಮೊಬೈಲೆಂಬುದು ಆ ಕಣಿವೆಗಳಲ್ಲಿ ಹೊತ್ತು ನೋಡುವುದಕ್ಕಷ್ಟೇ.

ತುದಿ ಇನ್ನೆರಡು ತಿರುವು ಇದೆ ಎನ್ನುವಾಗ ಹೊಸ ಆಯಿಲ್ ಮೀಟರಿನ ಮುಳ್ಳು ಒಮ್ಮೆ ನಡುಗಿತು. ಮತ್ತೆ ನಡುಗಿತು. ಆಮೇಲೆ ಸೊನ್ನೆಗೆ ಬಿದ್ದು ಅಲ್ಲೇ ಕೂತಿತು.

ಡಾರ್ಸಿಯ ಕೈ ಅವನಿಗಿಂತ ಮೊದಲು ಕೆಲಸ ಮಾಡಿತು. ಪಕ್ಕಕ್ಕೆ ಎಳೆದು, ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ.

“ಯಾಕೆ ನಿಲ್ಸಿದೆ?” ಎಂದಳು ನೀವಾ.

“ಆಯಿಲ್ ಪ್ರೆಶರ್ ಹೋಯ್ತು. ಸೊನ್ನೆ.”

“ಹಳೇ ಮುಳ್ಳು ನಡುವೆ ಇತ್ತಲ್ಲ?”

“ಅದು ಸುಳ್ಳ ಕಣೇ. ಹೋದ್ಸಲ ಸಾಯೋವಾಗ್ಲೂ ನಡುವೆನೇ ಇತ್ತು.”

“ಡಾರ್ಸಿ, ಎಂಜಿನ್ನು ಚೆನ್ನಾಗಿ ಓಡ್ತಿತ್ತು. ನಂಗೆ ಕೇಳ್ಸುತ್ತೆ. ಹೋಗು.”

“ಸದ್ದು ಬರೋ ಹೊತ್ತಿಗೆ ಮುಗಿದಿರುತ್ತೆ. ಇಲ್ಲಿ ಬಿಗಿದ್ಕೊಂಡ್ರೆ ಏನು ಮಾಡ್ತೀಯ?”

ಇಳಿದು ಬಾನೆಟ್ ಎತ್ತಿದ. ಆಯಿಲ್ ಕಡ್ಡಿ ಎಳೆದು ನೋಡಿದ, ಆಯಿಲ್ ತುಂಬಿತ್ತು. ಎಲ್ಲೂ ಸೋರಿಲ್ಲ. ಆಯಿಲ್ ಇದೆ, ಪ್ರೆಶರ್ ಇಲ್ಲ, ಅಂದರೆ ಪಂಪು ಹೋಗಿದೆ. ಇಷ್ಟು ಲೆಕ್ಕ ಅವನ ತಲೆಯಲ್ಲಿ ಪಟಪಟನೆ ನಡೆಯಿತು. ಹಿಂದಕ್ಕೆ ಉರುಳಿಸಿಕೊಂಡು ಹೋಗೋಣವೆಂದರೆ ನೆರಳಿನ ತಿರುವುಗಳಲ್ಲಿ ಇನ್ನೂ ಹಿಮಗಡ್ಡೆ, ಎಂಜಿನ್ ಇಲ್ಲದೆ ಬ್ರೇಕು ಸಾಲದು. ಯಾರಾದರೂ ಬರುವವರೆಗೆ ಕಾಯಬೇಕು ಎಂದು ತೀರ್ಮಾನಿಸಿದ. ಒಮ್ಮೆ ಸ್ಟಾರ್ಟ್ ಮಾಡಿ ನೋಡಿದ. ಮುಳ್ಳು ಒಂದು ಚಣ ಎದ್ದು, ಮತ್ತೆ ಸೊನ್ನೆಗೆ ಬಿತ್ತು. ತಕ್ಷಣ ಆರಿಸಿದ.

“ಕೇಳಿಸ್ಕೊಂಡ್ಯಾ? ಏನೂ ಆಗಿಲ್ಲ ಅದಕ್ಕೆ,” ಎಂದಳು ಅವಳು. “ಹೋಗು ಮಾರಾಯ.”

“ನಿಂಗೆ ಗೊತ್ತಾಗಲ್ಲ, ಸುಮ್ನಿರು.”

ಬೆಟ್ಟದ ಆ ರಸ್ತೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಬಸ್ಸು ಓಡಿಸಿದವಳಿಗೆ ಅವನು ಆಡಿದ ಮಾತು ಇದು. ಅವಳಿಗೆ ತಿರುಗಿ ಮಾತಾಡಲು ಉಸಿರು ಸಾಲುತ್ತಿರಲಿಲ್ಲ ಎಂದು ಅವನಿಗೆ ಆಗ ಹೊಳೆಯಲಿಲ್ಲ.

ಹೀಟರು ನಿಂತ ಟ್ರಕ್ಕು ಬೇಗ ತಣ್ಣಗಾಯಿತು. ತನ್ನ ಕೋಟು ತೆಗೆದು ಅವಳಿಗೆ ಹೊದಿಸಿದ. “ಚಳಿ ಆಗ್ತಿದ್ಯಾ?” “ಇಲ್ಲ.” ಹಾರನ್ನು ಮೂರು ಸಲ ಒತ್ತಿದ. ಕಾಡಿನಲ್ಲಿ ಮೂರು ಗುಂಡು ಹಾರಿಸಿದರೆ ಯಾರಿಗೋ ಕಷ್ಟ ಬಂದಿದೆ ಎಂದರ್ಥ, ಆದರೆ ಅವತ್ತು ಕೋವಿ ಮನೆಯಲ್ಲೇ ಇತ್ತು. ಮೂರು ಮೂರಾಗಿ ಒತ್ತುತ್ತಲೇ ಇದ್ದ. ಸುತ್ತಲೂ ಇಳಿಜಾರುಗಳಿಂದ ಗುಂಡಿನ ಸದ್ದು ಬರುತ್ತಿತ್ತು, ಹತ್ತಿರದಿಂದಲೂ ದೂರದಿಂದಲೂ. ಮತ್ತೆ ಇಳಿದು ಬಾನೆಟ್ಟಿನ ಬಳಿ ಹೋಗುತ್ತಿದ್ದ. ಕಡ್ಡಿ ಎಳೆಯುವುದು, ಒರೆಸುವುದು, ತೂರಿಸುವುದು, ಮತ್ತೆ ಎಳೆಯುವುದು. ಆಯಿಲ್ ಇದ್ದಷ್ಟೇ ಇತ್ತು.

ಎಷ್ಟೋ ಹೊತ್ತಾದ ಮೇಲೆ ಮರಗಳ ನಡುವಿನಿಂದ ಒಬ್ಬ ವಯಸ್ಸಾದ ಬೇಟೆಗಾರ ಇಳಿದು ಬಂದ, ಬೈಯುತ್ತಲೇ.

“ಯಾವನಯ್ಯಾ ಅದು? ಇರೋ ಬರೋ ಜಿಂಕೆನೆಲ್ಲ ಆಚೆ ಜಿಲ್ಲೆಗೆ ಓಡಿಸ್ಬಿಟ್ಯಲ್ಲ!”

ಕಿಟಕಿಯೊಳಗೆ ನೀವಾಳ ಮುಖ ಕಂಡದ್ದೇ ಅವನ ದನಿ ಇಳಿಯಿತು. ಅವಳ ತುಟಿ ನೀಲಿಗಟ್ಟಿತ್ತು. “ನನ್ ಗಾಡಿ ಕೆಳಗೆ ಎರಡು ಮೈಲಿಲಿದೆ. ತರ್ತೀನಿ, ಈಗ್ಲೇ ತರ್ತೀನಿ,” ಎಂದು ಕೋವಿ ಹೆಗಲಿಗೇರಿಸಿ, ಆ ವಯಸ್ಸಿನಲ್ಲಿ ಓಡಿದ.

ಅವನು ಬರುವಷ್ಟು ಹೊತ್ತು ಇಲ್ಲವೆಂದು ಡಾರ್ಸಿಗೆ ಕಂಡದ್ದು ಆಗ. ನೀವಾ ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿ ಉಸಿರು ಎಳೆಯುತ್ತಿದ್ದಳು, ಗಂಟಲಲ್ಲಿ ಗೊರಗೊರ ಸದ್ದು. ಅವನು ಬಾನೆಟ್ ಬಡಿದು ಮುಚ್ಚಿ, ಸ್ಟಾರ್ಟ್ ಮಾಡಿದ. ಮುಳ್ಳು ಸೊನ್ನೆಯಲ್ಲಿತ್ತು. ಹೋದರೆ ಹೋಗಲಿ ಎಂದು ಗೇರು ಹಾಕಿದ.

ಎಂಜಿನ್ನು ಬಿಗಿದುಕೊಳ್ಳಲಿಲ್ಲ. ಎರಡು ತಿರುವು ಹತ್ತಿತು, ತುದಿ ದಾಟಿತು. ಲಟಲಟ ಎನ್ನಲಿಲ್ಲ, ಹೊಗೆ ಬಿಡಲಿಲ್ಲ. ಮುಚ್ಚಿದ ಸಾಮಿಲ್ಲು ದಾಟುವಾಗ ಡ್ಯಾಶ್‌ಬೋರ್ಡಿನ ಮೇಲಿದ್ದ ನೀವಾಳ ಕೈ ಜಾರಿ ತೊಡೆಯ ಮೇಲೆ ಬಿತ್ತು. ಅವಳು ಬಾಗಿಲ ಕಡೆಗೆ ವಾಲಿದಳು. “ನೀವಾ,” ಎಂದ. “ನೀವಾ, ಗೇರು ಇಳ್ಸಲಾ? ಹೇಳು.” ಅವಳು ಹೇಳಲಿಲ್ಲ. ಗೊರಗೊರ ಸದ್ದೂ ನಿಂತಿತ್ತು. ಕೇಳುತ್ತಿದ್ದದ್ದು ಎಂಜಿನ್ನು ಮಾತ್ರ, ಹದವಾಗಿ, ನಿಶ್ಚಿಂತೆಯಿಂದ.

ಆಗ ಡಾರ್ಸಿ ದೇವರನ್ನು ಬೇಡಿಕೊಂಡ. ಹೆಂಡತಿಯ ಜೀವ ಕೊಡು ಎಂದಷ್ಟೇ ಅಲ್ಲ. ಈ ಎಂಜಿನ್ನು ಈಗಲಾದರೂ ಕೆಟ್ಟುಹೋಗಲಿ ಎಂದೂ ಬೇಡಿಕೊಂಡ. ಇಲ್ಲೇ ಬಿಗಿದುಕೊಳ್ಳಲಿ, ಈ ಸೇತುವೆಯ ಮೇಲೆ, ಆ ಬೇಲಿಯ ಹತ್ತಿರ. ಅದು ಕೆಡಲಿಲ್ಲ. ಮೈಲಿ ಮೈಲಿಗೂ ಅವಳು ಹೇಳಿದ್ದೇ ಸರಿ ಎನ್ನುತ್ತಾ ಅದು ಆಸ್ಪತ್ರೆಯ ಬಾಗಿಲವರೆಗೂ ಓಡಿತು.

ಒಳಗೆ ಅವರು ತುಂಬ ಹೊತ್ತು ಪ್ರಯತ್ನಪಟ್ಟರು. ಆಮೇಲೆ ನರ್ಸೊಬ್ಬಳು ಹೊರಬಂದು ಅವನ ಪಕ್ಕ ಕೂತಳು. “ಇನ್ನೆರಡು ಗಂಟೆ ಮುಂಚೆ ಬಂದಿದ್ರೆ?” ಎಂದು ಅವನು ಕೇಳಿದ. “ಹೇಳಕ್ಕಾಗಲ್ಲ, ಡಾರ್ಸಿ,” ಎಂದಳು ಅವಳು. ಚಿಕ್ಕವಳಿದ್ದಾಗ ಅವಳೂ ನೀವಾಳ ಬಸ್ಸಿನಲ್ಲೇ ಶಾಲೆಗೆ ಹೋದವಳು. ಅವನ ಮುಖ ನೋಡದೆ ಹಾಗೆಂದಳು.

ಮಗಳು ಟ್ರೀನಾ ಬಂದು ಅವನನ್ನು ತನ್ನ ಕಾರಿನಲ್ಲಿ ಮನೆಗೆ ಕರೆದೊಯ್ದಳು. ಟ್ರಕ್ಕನ್ನು ಮನೆಗೆ ತಂದು ನಿಲ್ಲಿಸಿದವನು ನೀವಾಳ ತಮ್ಮ ಡೆಲ್ಬರ್ಟ್. ಲಾರಿಗಳ ಎಂಜಿನ್ ಕಟ್ಟುವುದೇ ಅವನ ಕಸುಬು.

ಮಣ್ಣು ಮಾಡುವ ದಿನ ಬೆಳಿಗ್ಗೆ, ಕೋಟು ತೊಟ್ಟು ಟೈ ಕಟ್ಟಿಕೊಂಡ ಮೇಲೆ, ಡಾರ್ಸಿ ಒಬ್ಬನೇ ಶೆಡ್ಡಿಗೆ ಹೋದ. ಅವಳು ಓದಿ ಹೇಳಿದ ಟೇಪಿನ ಆ ಸಾಲು ಆಸ್ಪತ್ರೆಯಿಂದ ಬರುವಾಗಲೇ ಅವನಿಗೆ ನೆನಪಾಗಿತ್ತು. ಸ್ಪ್ಯಾನರ್ ಹಾಕಿ ಆಯಿಲ್ ಸೆನ್ಸರನ್ನು ಬಿಚ್ಚಿದ. ಥ್ರೆಡ್ಡು ಬರಿದಾಗಿತ್ತು. ಯಾರೋ ಟೇಪನ್ನು ಎಳೆಯೂ ಉಳಿಯದಂತೆ ಕಿತ್ತು, ಒರೆಸಿ, ಸೆನ್ಸರನ್ನು ಮತ್ತೆ ಕೂರಿಸಿದ್ದರು. ಇನ್ನೊಂದರದೂ ಹಾಗೆಯೇ. ಅದನ್ನು ಮಾಡಬಲ್ಲವನು ಡೆಲ್ಬರ್ಟ್ ಒಬ್ಬನೇ. ಡಾರ್ಸಿ ಬಿಚ್ಚಿದ್ದನ್ನು ತಿರುಗಿ ಬಿಗಿದು ಸ್ಟಾರ್ಟ್ ಮಾಡಿದ. ಆಯಿಲಿನ ಮುಳ್ಳು ಎದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಬಿಸಿಯ ಮುಳ್ಳೂ, ಹಿಂದೆಂದೂ ಏರದಷ್ಟು ಮೇಲೇರಿ ಇರಬೇಕಾದ ಜಾಗದಲ್ಲಿ ನಿಂತಿತು. ಎರಡೂ ಅಲುಗಾಡಲಿಲ್ಲ. ಟ್ರೀನಾ ಬಂದು ಕರೆಯುವವರೆಗೂ ಅವನು ಎಂಜಿನ್ ಆರಿಸದೆ ಕೂತಿದ್ದ.

ಮಣ್ಣಿನ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮು, ಬೀನ್ಸು, ಜೋಳದ ರೊಟ್ಟಿ, ಏಳೆಂಟು ಬಗೆಯ ಕೇಕು. ನೀವಾಳ ಬಸ್ಸಿನ ಮಕ್ಕಳು ಈಗ ಗಡ್ಡ ಬಿಟ್ಟವರು, ಮೊಮ್ಮಕ್ಕಳನ್ನು ಎತ್ತಿಕೊಂಡವರು. ಒಬ್ಬೊಬ್ಬರಾಗಿ ಬಂದು ಡಾರ್ಸಿಯ ಕೈ ಹಿಡಿದರು. ಹಿಂದಿನ ಟೇಬಲ್ಲಿನಿಂದ ಡೆಲ್ಬರ್ಟನ ದನಿ ಕೇಳುತ್ತಿತ್ತು.

“ನಾನೇ ಬಿಚ್ಚಿ ನೋಡ್ದೆ. ಆಯಿಲ್ ಪಂಪೇ ಹೋಗಿತ್ತು. ಆಸ್ಪತ್ರೆವರೆಗೆ ಓಡಿದ್ದೇ ದೇವರ ದಯೆ. ಭಾವನ ಜಾಗದಲ್ಲಿ ನಾನಿದ್ರೂ ನಿಲ್ಲಿಸ್ತಿದ್ದೆ.”

ಅಕ್ಕನನ್ನು ಕಳೆದುಕೊಂಡವನು ಅವಳ ಗಂಡನಿಗಾಗಿ ಆಡುತ್ತಿದ್ದ ಸುಳ್ಳು ಅದು.

ಟ್ರೀನಾ ಬಂದು ಪಕ್ಕದಲ್ಲಿ ಕೂತು ಅವನ ಮಂಡಿಯ ಮೇಲೆ ಕೈ ಇಟ್ಟಳು. ಮೂರು ದಿನದಿಂದ ಅತ್ತು ಅವಳ ಕಣ್ಣು ಬಾತಿದ್ದವು. “ಅಪ್ಪ, ಮಾವ ಹೇಳಿದ. ಪಂಪೇ ಹೋಗಿತ್ತಂತೆ. ನೀನಾದ್ರೂ ಏನು ಮಾಡಕ್ಕಾಗ್ತಿತ್ತು? ನೀನು ಕೊರಗ್ಬೇಡ.”

ಹೂಂ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮಗಳಿಗೂ ಸಮಾಧಾನ, ಡೆಲ್ಬರ್ಟನಿಗೂ ಸಮಾಧಾನ. ಬಾಯಿ ತೆರೆದಾಗ ಹೂಂ ಎನ್ನುವುದಕ್ಕೇ ತೆರೆದಿದ್ದ.

“ಪಂಪು ಚೆನ್ನಾಗೇ ಇತ್ತು ಮಗಳೇ,” ಎಂದ. “ಎಂಜಿನ್ನಿಗೆ ಏನೂ ಆಗಿರ್ಲಿಲ್ಲ. ಸೆನ್ಸರಿಗೆ ನಾನು ಟೇಪು ಸುತ್ತಿದ್ದೆ, ಅದಕ್ಕೇ ಮುಳ್ಳು ಬಿತ್ತು. ಸುತ್ತಬೇಡ ಅಂತ ನಿಮ್ಮಮ್ಮ ಓದಿ ಹೇಳಿದ್ಲು. ಬೆಟ್ಟದ ಮೇಲೂ ಎಂಜಿನ್ನು ಚೆನ್ನಾಗಿದೆ, ಹೋಗು, ಹೋಗು ಅಂದ್ಲು. ನಾನು ಹೋಗ್ಲಿಲ್ಲ.”

“ಭಾವ,” ಎಂದು ಡೆಲ್ಬರ್ಟ್ ಎದ್ದು ಬಂದ. “ಬಿಡು ಭಾವ. ಯಾಕೆ ಇದೆಲ್ಲ.”

ಟ್ರೀನಾ ಅಳಲಿಲ್ಲ. ಮಂಡಿಯ ಮೇಲಿಟ್ಟ ಕೈಯನ್ನು ತೆಗೆಯಲೂ ಇಲ್ಲ. ಆ ಕೈ ಅಲ್ಲಿದೆ ಎಂಬುದೇ ಅವಳಿಗೆ ಮರೆತುಹೋದಂತಿತ್ತು. ಅವಳು ಕೇಳಿದಳು.

“ಅಷ್ಟು ಹೊತ್ತೂ ಹೀಟರ್ ಇರ್ಲಿಲ್ವಾ?”

“ಇರ್ಲಿಲ್ಲ.”

“ಅಮ್ಮಂಗೆ ಚಳಿ ಆಗ್ತಿತ್ತಾ?”

“ಕೇಳ್ದಾಗೆಲ್ಲ ಇಲ್ಲ ಅಂದ್ಲು,” ಎಂದ ಡಾರ್ಸಿ. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. “ಆಗ್ತಿತ್ತು. ಹಲ್ಲು ಕಟಕಟ ಅನ್ನೋದು ಹೊರಗೆ ನಂಗೆ ಕೇಳಿಸ್ತಿತ್ತು. ನಾನು ಆಯಿಲ್ ಕಡ್ಡಿ ಒರೆಸ್ತಾ ನಿಂತಿದ್ದೆ.”